ಕಾಕಾನ ಈಥರು, ಹಗೇವಿನ ಕಂದೀಲು

ನಮ್ಮ ಅಡುಗೆಮನೆಯ ಗೂಟಕ್ಕೆ ಒಂದು ಹಳೆಯ ಕಂದೀಲು ತೂಗುತ್ತಿದೆ, ಗೆಳೆಯರೇ. ಅದು ಬೆಳಗಿದ ಸಂಜೆಗಳನ್ನೆಲ್ಲ ನಾನು ಮರೆತಿದ್ದೇನೆ. ಆರಿದ ಒಂದು ಮಧ್ಯಾಹ್ನವನ್ನು ಮಾತ್ರ ಮರೆತಿಲ್ಲ, ಏಕೆಂದರೆ ಅಂದು ನಮ್ಮ ಕಾಕಾ ಬದುಕಿಕೊಂಡರು.

ಎಂಬತ್ತರ ದಶಕವದು. ಮಾದನಹಿಪ್ಪರಗಾದಲ್ಲಿ ವಿಜ್ಞಾನದ ಮಾಸ್ತರರಾಗಿ ನಿವೃತ್ತರಾಗಿದ್ದ ಕಾಕಾನಿಗೆ ಈಥರಿನ ಹುಚ್ಚು. ಆಕಾಶವೆಂಬುದು ಖಾಲಿಯಲ್ಲ, ಈಥರೆಂಬ ಕಾಣದ ದ್ರವ ಅದರ ತುಂಬ ಹರಿಯುತ್ತಿದೆ, ಕಪ್ಪುಕುಳಿಯೆಂದರೆ ಆ ಈಥರು ಭೀಮೆಯ ಸುಳಿಯಂತೆ ಒಳಕ್ಕೆ ಧುಮುಕುವ ತಾಣ, ಬೆಳಕು ಅಲ್ಲಿ ಎದುರೀಜಲಾರದೆ ಮುಳುಗಿಹೋಗುತ್ತದೆ ಎಂದು ಅವರು ವಿವರಿಸುತ್ತಿದ್ದರೆ ಕಟ್ಟೆಯ ಮೇಲೆ ಕೂತವರಿಗೆ ಕೈಯಲ್ಲಿನ ಚಹಾ ಮರೆತುಹೋಗುತ್ತಿತ್ತು. ಗುಲಬರ್ಗಾದಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಮಾತ್ರ, ಈಥರನ್ನು ವಿಜ್ಞಾನಿಗಳು ಹುಡುಕಿ, ಸಿಗದೆ, ಎಂದೋ ಕೈಬಿಟ್ಟಿದ್ದಾರೆಂದು ರಜೆಗೆ ಬಂದಾಗಲೆಲ್ಲ ಜಗಳ ತೆಗೆಯುತ್ತಿದ್ದೆ.

ಆ ಮಧ್ಯಾಹ್ನ ಹಗೇವು ತೆರೆದಿದ್ದರು. ನೆಲದೊಳಗೆ ಜೋಳ ತುಂಬಿಡುವ ಆ ಕುಳಿಯ ಬಾಯಿಗಿಟ್ಟ ಕಲ್ಲು ಸರಿಸಿದ ಮೇಲೆ ಯಾರೂ ಸೀದಾ ಇಳಿಯುವುದಿಲ್ಲ; ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಾರೆ, ಒಳಗಿನ ಕೆಟ್ಟ ಗಾಳಿಗೆ ಅದು ಆರಿದರೆ ಆ ದಿನ ಇಳಿಯುವ ಮಾತೇ ಇಲ್ಲ. ಕಂದೀಲು ಅರ್ಧಕ್ಕೆ ಹೋಗಿ ತಣ್ಣಗೆ ಆರಿತು. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬಂದ ಕಾಕಾ ಅಂದು ಕಂಡದ್ದೇ ಬೇರೆ.

"ನೋಡಿದೇನವ್ವಾ? ಬೆಳಕ ನುಂಗ್ತು! ಈಥರ್ ಒಳಗ ಹರಿಯಾಕತ್ತದ!" ಎಂದು ನನ್ನ ಕಡೆ ತಿರುಗಿ ಕೂಗಿದವರೇ, ಆ ಹರಿವು ಮೈಗೆ ತಾಗುತ್ತದೇನೋ ನೋಡಲು ಕುಳಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು ಜಾರತೊಡಗಿದರು. ಖಾಲಿ ಚೀಲ ಹಿಡಿದು ನಿಂತಿದ್ದ ಕಾಕಿ ಚೀಲ ಎಸೆದು ಗಂಡನ ರಟ್ಟೆಗೆ ಕೈಹಾಕಿ ಎಳೆದರು.

"ದೀಪಾನ ಉಳೀಲಿಲ್ಲ, ನೀವು ಉಳೀತೀರೇನ್ರಿ? ಮ್ಯಾಲ ಬರ್ರಿ ಮೊದಲ!"

ಈಥರು ಇಲ್ಲವೆಂದು ನನಗೆ ಅಂದೂ ಖಾತ್ರಿ, ಇಂದೂ ಖಾತ್ರಿ. ಆದರೆ ಬ್ರಹ್ಮಾಂಡಕ್ಕೊಂದು ಚೆಂದದ ಕಲ್ಪನೆ ಕಟ್ಟುವುದು ತಪ್ಪಲ್ಲ. ದೀಪ ಇಳಿಸದೆ, ಇಳಿಸಿದರೂ ಅದು ಹೇಳಿದ್ದನ್ನು ಕೇಳದೆ, ಆ ಕಲ್ಪನೆಯೊಳಗೆ ತಾನೇ ಇಳಿಯುವುದು ತಪ್ಪು. ಕಂಡದ್ದೆಲ್ಲ ತನ್ನ ಮಾತಿಗೇ ಸಾಕ್ಷಿಯೆನಿಸತೊಡಗಿದಾಗ ಎಂಥ ಬುದ್ಧಿವಂತನೂ ಕುಳಿಯ ಅಂಚಿಗೆ ಬಂದು ಕೂತಿರುತ್ತಾನೆ.

ರಾತ್ರಿಯೆಲ್ಲ ಬಾಯಿ ತೆರೆದಿಟ್ಟಿದ್ದರಿಂದ ಮರುದಿನ ಕಂದೀಲು ಜೋಳ ಮುಟ್ಟುವವರೆಗೂ ಉರಿಯಿತು, ಜೋಳ ಮೇಲೆ ಬಂತು. ಕಾಕಾ ಕಂದೀಲಿನ ಮಸಿ ಒರೆಸಿ ನನ್ನ ಕೈಗಿತ್ತರು.

"ನನ್ನ ಈಥರಿಗೂ ಖರೇನೋ ಸುಳ್ಳೋ ಹೇಳೂ ಇಂಥಾದೊಂದು ದೀಪ ಬೇಕವ್ವಾ. ಅದು ಸಿಗೂತನಕ ಇಳ್ಯಾಂಗಿಲ್ಲ. ಹಂಗಂತ ಕಲ್ಲೂ ಮುಚ್ಚಂಗಿಲ್ಲ."

ಈಗ ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಯಾರಾದರೂ ಹೊಸದೊಂದು ಬ್ರಹ್ಮಾಂಡ ಹೊತ್ತು ಮನೆಗೆ ಬಂದರೆ ನಗುವುದಿಲ್ಲ. ಚಹಾ ಕೊಡುತ್ತೇನೆ, ಪೂರ್ತಿ ಕೇಳುತ್ತೇನೆ, ಆಮೇಲೆ ಗೂಟದ ಕಡೆ ನೋಡಿ, ನಿಮ್ಮ ಕಂದೀಲು ಎಲ್ಲಿದೆ ಎಂದು ಕೇಳುತ್ತೇನೆ.