ಬೆಂಚಿನ ಕೆಳಗೆ ಕೈ ಬದಲಾದ ಚೀಟಿ

ಮೊಳಕಾಲ್ಮೂರಿನ ಹೈಸ್ಕೂಲಿನಲ್ಲಿ ನನ್ನನ್ನು ‘ಮಿಸ್’ ಅಂತಲೇ ಕರೆಯಬೇಕೆಂದು ಹಟ ಹಿಡಿದವಳು ನಾನೇ. ತಲೆ ಅರ್ಧ ನರೆತಿತ್ತು, ಮೊಣಕಾಲು ಆಗಲೇ ನೋಯುತ್ತಿತ್ತು, ಆದರೂ ಮಿಸ್. ಬೋರ್ಡಿಂಗಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದವಳಿಗೆ ‘ಟೀಚರಮ್ಮ’ ಅನ್ನಿಸಿಕೊಳ್ಳುವುದು ಯಾಕೋ ಒಗ್ಗುತ್ತಿರಲಿಲ್ಲ. ಮಕ್ಕಳು ಎದುರಿಗೆ ಮಿಸ್ ಅನ್ನುತ್ತಿದ್ದರು, ಬೆನ್ನ ಹಿಂದೆ ‘ಇಂಗ್ಲಿಷ್ ಅಜ್ಜಿ’ ಅನ್ನುತ್ತಿದ್ದರು. ಅದೂ ನನಗೆ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ತೊಂಬತ್ತರ ದಶಕದ ಕೊನೆಯ ಒಂದು ಟೆಂತ್ ಬ್ಯಾಚು. ಕೊಂಡ್ಲಹಳ್ಳಿ ಕಡೆಯಿಂದ ಒಂದೇ ಬಸ್ಸಿಗೆ ಬರುವ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಉದ್ದ, ಒಬ್ಬಳು ಗಿಡ್ಡ. ಉದ್ದನೆಯವಳು ಊರಾಚೆಯ ಕುರಿ ಕಾಯುವವರ ಹಟ್ಟಿಯಿಂದ ಬರುವವಳು. ಆ ಹಟ್ಟಿಯ ಹೆಣ್ಣುಮಕ್ಕಳಲ್ಲಿ ಎಸೆಸೆಲ್ಸಿ ತನಕ ಬಂದವಳು ಅವಳೊಬ್ಬಳೇ. ಗಿಡ್ಡನೆಯವಳು ಊರೊಳಗಿನ ರೈತರ ಮಗಳು, ಮಾತು ಕಡಿಮೆ. ಇಬ್ಬರಿಗೂ ಒಂದೇ ಜಾಮಿಟ್ರಿ ಬಾಕ್ಸು, ಒಂದೇ ಛತ್ರಿ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳೂ ಗೈರು. ಯಾಕಮ್ಮ ಎಂದರೆ, “ಅವ್ಳಿಲ್ದಿದ್ರೆ ಬಸ್ನಾಗೆ ಸೀಟು ಹಿಡಿಯೋರ್ಯಾರು ಮಿಸ್?” ಎನ್ನುವುದು. ಅದೂ ಒಂದು ಎಕ್ಸ್‌ಕ್ಯೂಸು!

ಮೂರನೆಯವನು ಒಬ್ಬ ಹುಡುಗ, ಮೊಳಕಾಲ್ಮೂರಿನದೇ ರೇಷ್ಮೆ ಮಗ್ಗದ ಮನೆಯವನು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ನನ್ನ ಕ್ಲಾಸಿನಲ್ಲಿ ಬಾಯಿಗೆ ಬೀಗ. ಬೆಳಿಗ್ಗೆ ಅಪ್ಪನ ಜೊತೆ ನೂಲಿಗೆ ಬಣ್ಣ ಕಟ್ಟಿ ಬರುತ್ತಿದ್ದನಾದ್ದರಿಂದ ಬೆರಳು ಒಂದು ದಿನ ಹಸಿರು, ಒಂದು ದಿನ ನೇರಳೆ. ಉದ್ದನೆಯವಳು ಅವನು ಬಾಗಿಲಿಗೆ ಬಂದೊಡನೆ ಶುರು ಮಾಡುತ್ತಿದ್ದಳು.

“ಇವತ್ತು ಯಾವ ಕಲರ್ ನೋಡ್ರೇ! ಎಡಗೈ ಬದ್ನೆಕಾಯಿ, ಬಲಗೈ ಟೊಮೊಟೊ. ಸಾರಿಗೆ ಇನ್ನ ಬೇಳೆ ಒಂದೇ ಬಾಕಿ.”

ಕ್ಲಾಸೆಲ್ಲ ನಗುತ್ತಿತ್ತು. ಅವನು ತಲೆ ತಗ್ಗಿಸಿ ಹಿಂದಿನ ಬೆಂಚಿಗೆ ಹೋಗುತ್ತಿದ್ದ. ಮಾರನೆಯ ದಿನ ಆ ಇಬ್ಬರ ನೋಟ್‌ಬುಕ್ಕುಗಳ ಬೆನ್ನಿಗೆ ಉಳಿಕೆ ರೇಷ್ಮೆ ದಾರದಲ್ಲಿ ಹೊಲಿಗೆ ಬಿದ್ದಿರುತ್ತಿತ್ತು. ಯಾರು ಹೊಲಿದದ್ದೆಂದು ಯಾರೂ ಕೇಳುತ್ತಿರಲಿಲ್ಲ. ಲಂಚ್ ಬೆಲ್ಲಿಗೆ ಗಿಡ್ಡನೆಯವಳು ಲಂಗದ ಜೇಬಿನಿಂದ ಹುರಿದ ಕಡ್ಲೆಕಾಯಿ ತೆಗೆದು ಮೂರು ಪಾಲು ಮಾಡುತ್ತಿದ್ದಳು. ಮೂರನೆಯ ಪಾಲು ಕಿಟಕಿಯ ಕಟ್ಟೆಯ ಮೇಲೆ ಇಡುವುದು. ಇವರು ಅತ್ತ ತಿರುಗಿದ ಮೇಲೆ ಅವನು ಬಂದು ಎತ್ತಿಕೊಳ್ಳುವುದು. ಅವರ ಪ್ರೀತಿ ಅಂತ ಇದ್ದದ್ದು ಇಷ್ಟೇ. ಸ್ಟಾಫ್ ರೂಮಿನ ಬಾಗಿಲಿನಿಂದ ನೋಡುತ್ತಾ ನನಗೆ ಎಷ್ಟು ಖುಷಿಯಾಗುತ್ತಿತ್ತೆಂದರೆ, ನನ್ನ ಟೀ ಆರಿಹೋಗುತ್ತಿತ್ತು.

ಆ ವರ್ಷ ಲೆಟರ್ ರೈಟಿಂಗ್ ಕಲಿಸಲು ನಾನು ಒಂದು ಹೊಸ ಉಪಾಯ ಮಾಡಿದೆ. ಪ್ರತಿ ವರ್ಷವೂ ಅದೇ ಉರುಹೊಡೆದ ಪತ್ರ: ನಾನು ಇಲ್ಲಿ ಕ್ಷೇಮ, ನೀನು ಅಲ್ಲಿ ಕ್ಷೇಮವೆಂದು ನಂಬಿದ್ದೇನೆ. ಯಾರಿಗೆ ಬರೆಯುತ್ತಿದ್ದೇವೆ ಎಂಬುದೇ ಮಕ್ಕಳಿಗೆ ಗೊತ್ತಿರುತ್ತಿರಲಿಲ್ಲ. ನಮ್ಮ ಕಾನ್ವೆಂಟಿನಲ್ಲಿ ಪೆನ್‌ಫ್ರೆಂಡ್ ಇರುತ್ತಿದ್ದರು. ತಿಂಗಳಿಗೊಮ್ಮೆ ನನ್ನ ಹೆಸರಿಗೆ ಅಂತ ಒಂದು ಕವರು ಬರುವುದು, ಅದನ್ನು ನಾನೇ ಒಡೆಯುವುದು. ಆ ಸಂತೋಷ ಈ ಮಕ್ಕಳಿಗೂ ಸಿಗಲಿ ಎಂದುಕೊಂಡೆ. ಪೋಸ್ಟಾಫೀಸಿನಿಂದ ನೀಲಿ ಇನ್‌ಲ್ಯಾಂಡ್ ಲೆಟರುಗಳನ್ನು ತರಿಸಿದೆ. ಎಲ್ಲರ ಹೆಸರೂ ಚೀಟಿಯಲ್ಲಿ ಬರೆದು ಚಾಕ್‌ಪೀಸ್ ಡಬ್ಬಿಗೆ ಹಾಕಿದೆ. ಯಾರ ಚೀಟಿ ಬರುತ್ತದೋ ಅವರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದು, ಅವರ ಮನೆಯ ವಿಳಾಸಕ್ಕೆ ನಿಜವಾಗಿ ಪೋಸ್ಟ್ ಮಾಡಬೇಕು.

ಹೆಡ್‌ಮಾಸ್ಟರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. “ಹುಡುಗ್ರು ಹುಡುಗ್ರಿಗೆ, ಹುಡುಗೀರು ಹುಡುಗೀರಿಗೆ ಬೇರೆ ಬೇರೆ ಡಬ್ಬಿ ಮಾಡ್ರಿ ಮೇಡಂ. ಇದು ನಿಮ್ಮ ಕಾನ್ವೆಂಟ್ ಅಲ್ಲ.”

“ಇಪ್ಪತ್ತೊಂದನೇ ಶತಮಾನ ಬರ್ತಿದೆ ಸಾರ್,” ಎಂದೆ ನಾನು.

ಗಿಡ್ಡನೆಯವಳಿಗೆ ಅವಳ ಗೆಳತಿಯ ಚೀಟಿಯೇ ಬಂತು. ಚೀಟಿ ಬಿಡಿಸಿದವಳು ಮುಖ ಅರಳಿಸಿದಳು. ಆಮೇಲೆ ಯಾಕೋ ಹಿಂದಿನ ಬೆಂಚಿನ ಕಡೆ ತಿರುಗಿದಳು. ಆ ಹುಡುಗನಿಗೆ ಪಕ್ಕದಲ್ಲಿ ಕೂತವನದ್ದೇ ಚೀಟಿ ಬಂದಿತ್ತು. ದಿನವೂ ಬೈದಾಡಿಕೊಳ್ಳುವವನಿಗೆ ಏನು ಬರೆಯುವುದೆಂದು ಅವನು ಮಂಕಾಗಿ ಕೂತಿದ್ದ. ನಾನು ಬೋರ್ಡಿನ ಕಡೆ ತಿರುಗಿದ ಹಾಗೆ ಮಾಡಿದೆ. ಬೆಂಚಿನ ಕೆಳಗಿನಿಂದ ಒಂದು ಸಣ್ಣ ಕೈ ಹಿಂದಕ್ಕೆ ಹೋಯಿತು, ನೇರಳೆ ಬೆರಳು ಮುಂದಕ್ಕೆ ಬಂತು, ಚೀಟಿಗಳು ಅದಲುಬದಲಾದವು.

ನಾನು ಕಂಡೆ. ಕಂಡೂ ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಬೋರ್ಡಿಗೆ ಮುಖ ಮಾಡಿಕೊಂಡು ನಕ್ಕೆ.

ಅವನ ಕಾಗದವನ್ನು ಪೋಸ್ಟ್ ಮಾಡುವ ಮೊದಲು ತಿದ್ದಿಕೊಟ್ಟವಳೂ ನಾನೇ. ‘ಮೈ ಡಿಯರ್ ಫ್ರೆಂಡ್’ ಎಂದು ಶುರು. ಮನೆಯಲ್ಲಿ ಹೊಸ ಸೀರೆ ಮಗ್ಗಕ್ಕೆ ಏರಿದೆ, ಅದರ ಅಂಚು ನಿನ್ನ ರಿಬ್ಬನ್ನಿನ ಕೆಂಪು, ಆ ಕೆಂಪು ಬರಬೇಕಾದರೆ ನೂಲನ್ನು ಮೂರು ಸಲ ಅದ್ದಬೇಕು, ಪರೀಕ್ಷೆಯಲ್ಲಿ ನೀನು ಫಸ್ಟ್ ಕ್ಲಾಸ್ ಬರುತ್ತೀ, ಬಂದಮೇಲೆ ನನ್ನ ಬೆರಳನ್ನು ನೋಡಿ ನಗುವುದನ್ನು ಬಿಡಬೇಡ. ಎರಡು ಆರ್ಟಿಕಲ್ ತಪ್ಪು, ಒಂದು ಟೆನ್ಸ್ ತಪ್ಪು. ‘ಗುಡ್’ ಎಂದು ಬರೆದೆ.

ನನಗೆ ಗೊತ್ತಿಲ್ಲದಿದ್ದದ್ದು ಒಂದೇ. ಆ ಹಟ್ಟಿಯಲ್ಲಿ ಕಾಗದ ಅನ್ನುವುದು ಒಬ್ಬರದಲ್ಲ. ಯಾರ ಹೆಸರಿಗೆ ಬಂದರೂ ಪೋಸ್ಟಿನವನು ಬೇವಿನ ಮರದ ಕಟ್ಟೆಯ ಮೇಲೆ ಕೂತು ಒಡೆದು ಓದುತ್ತಿದ್ದ, ಹಟ್ಟಿಯೆಲ್ಲ ಸುತ್ತ ನಿಂತು ಕೇಳುತ್ತಿತ್ತು. ಓದು ಬಾರದ ಕಡೆ ಸಾವು, ಮದುವೆ, ಬಾಣಂತನ ಎಲ್ಲವೂ ಹಾಗೇ ತಿಳಿಯಬೇಕಲ್ಲ. ನೀಲಿ ಕಾಗದ ಬಂದ ದಿನವೂ ಒಡೆದ. ಇಂಗ್ಲಿಷು ಅವನಿಗೆ ಬರುತ್ತಿರಲಿಲ್ಲ. ಅಂಗಡಿ ಮುಂದೆ ನಿಂತಿದ್ದ ಕಾಲೇಜು ಹುಡುಗನೊಬ್ಬನನ್ನು ಕರೆದ. ಆ ಪುಣ್ಯಾತ್ಮ ಒಂದೊಂದೇ ಸಾಲು ಕನ್ನಡ ಮಾಡಿ, ಮಧ್ಯೆ ಮಧ್ಯೆ ಕಣ್ಣು ಹೊಡೆದು, ಜೋರಾಗಿ ಓದಿದನಂತೆ. ರಿಬ್ಬನ್ನಿನ ಸಾಲನ್ನು ಎರಡು ಸಲ ಓದಿದನಂತೆ.

ಮಾರನೆಯ ದಿನದಿಂದ ಉದ್ದನೆಯವಳು ಬರಲಿಲ್ಲ. ಗಿಡ್ಡನೆಯವಳು ಒಬ್ಬಳೇ ಬಂದಳು. ಕಡ್ಲೆಕಾಯಿ ತಂದಿರಲಿಲ್ಲ.

ಎಂಟು ದಿನ ಕಾದೆ. ಅಷ್ಟರಲ್ಲಿ ಹಾಲ್ ಟಿಕೆಟ್ಟುಗಳು ಬಂದವು. ಅವಳದನ್ನು ಬ್ಯಾಗಿನಲ್ಲಿಟ್ಟುಕೊಂಡು, ಗಿಡ್ಡನೆಯವಳನ್ನು ಕರೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಹಟ್ಟಿಗೆ ಹೋದೆ. ಅವಳ ಅಪ್ಪ ಕುರಿ ಹೊಡೆದುಕೊಂಡು ಉಳ್ಳಾರ್ತಿ ಕಾವಲ್ ಕಡೆ ಹೋಗಿದ್ದ. ಮನೆಯಲ್ಲಿ ಮಾತು ನಡೆಯುವುದು ತಾತನದು. ಕರಿ ಕಂಬಳಿ ಹಾಸಿ ನನ್ನನ್ನು ಕೂರಿಸಿದರು. ಲೋಟದ ತುಂಬ ಮಜ್ಜಿಗೆ ಕೊಟ್ಟರು. ಒಂದು ಒರಟು ಮಾತೂ ಆಡಲಿಲ್ಲ.

“ಓದಸ್ಬಾರ್ದು ಅಂತಲ್ಲ ಟೀಚರಮ್ಮ. ಓದ್ಲಿ ಅಂತಾನೇ ಕಳ್ಸಿದ್ದು. ಆದ್ರೆ ಹೆಣ್ಣುಡುಗಿ ರಿಬ್ಬನ್ನು ನಾಕು ಗಂಡಸ್ರ ಬಾಯಾಗೆ ಕಟ್ಟೆಮ್ಯಾಲೆ ಬಂತಲ್ಲ, ಅದನ್ನ ವಾಪಸ್ ತರಾಕ್ ಆಗ್ತೈತಾ?”

ನಾನು ಅದು ಪಾಠ, ಎಕ್ಸರ್ಸೈಜು, ಐದು ಮಾರ್ಕಿನ ಪ್ರಶ್ನೆ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. “ಹಂಗಾರೆ ನೀವೇ ಬರಸಿದ್ದಾ?” ಎಂದರು. ಮುಖ ಸ್ವಲ್ಪ ಸಡಿಲಾಯಿತು. ಇನ್ನೊಂದು ಐದು ನಿಮಿಷ ಹಾಗೇ ಬಿಟ್ಟಿದ್ದರೆ ಒಪ್ಪುತ್ತಿದ್ದರೇನೋ.

ಆಗ, ಅಲ್ಲಿಯತನಕ ಕಂಬದ ಪಕ್ಕ ನಿಂತಿದ್ದ ಗಿಡ್ಡನೆಯವಳು ಬಾಯಿ ಬಿಟ್ಟಳು. ಕ್ಲಾಸಿನಲ್ಲಿ ಪ್ರೆಸೆಂಟ್ ಮಿಸ್ ಅನ್ನಲೂ ನಾಚುವವಳು.

“ತಾತ, ಆ ಕಾಗ್ದ ಅವ್ಳಿಗಲ್ಲ, ನನಿಗೆ ಬರ್ದಿದ್ದು. ಒಳಗೆ ಅವ್ಳ ಹೆಸ್ರು ಎಲ್ಲೈತೆ ಹೇಳು? ನಾವಿಬ್ರೂ ಕೆಂಪು ರಿಬ್ಬನ್ನೇ ಕಟ್ಟೋದು. ಅವ್ನು ಮ್ಯಾಲೆ ಅಡ್ರೆಸ್ ತಪ್ಪಾಕ್ಯಾನೆ. ಬೈಯೋದಾದ್ರೆ ನನ್ನ ಬೈ.”

ನಿಜ, ಒಳಗೆ ಹೆಸರಿರಲಿಲ್ಲ. ಮೈ ಡಿಯರ್ ಫ್ರೆಂಡ್ ಅಷ್ಟೇ. ಹಾಗೆ ಬರೆಯಲು ನಾನೇ ಹೇಳಿಕೊಟ್ಟಿದ್ದೆ. ತಾತ ಅವಳನ್ನು ನೋಡಿದರು, ಆಮೇಲೆ ನನ್ನನ್ನು.

“ಹೌದೇನ್ರಿ ಟೀಚರಮ್ಮ? ನೀವು ಓದಿದೋರು. ನೀವೊಂದು ಮಾತು ಹೌದು ಅನ್ರಿ, ನಾ ಕಟ್ಟೆ ಮ್ಯಾಲೆ ನಿಂತು ಹಂಗೇ ಹೇಳ್ತೀನಿ.”

ಹೌದು ಅನ್ನಲು ಎಷ್ಟು ಹೊತ್ತು ಬೇಕು? ಗಿಡ್ಡನೆಯವಳು ತನ್ನ ಮನೆಯವರು ಎಂಥವರೆಂದು ಗೊತ್ತಿದ್ದೇ ಆ ಮಾತು ಆಡಿದ್ದಳು. ಅವಳಪ್ಪ ಮಗಳ ಕಿವಿ ಹಿಂಡಿ ನಕ್ಕು ಸುಮ್ಮನಾಗುವ ಮನುಷ್ಯ. ನನಗೆ ಮಾತ್ರ ಬೋರ್ಡಿಂಗಿನ ಪ್ರೇಯರ್ ಹಾಲು ಕಣ್ಮುಂದೆ ಬಂತು. ಎಂಥ ಸಣ್ಣ ಸುಳ್ಳಿಗೂ ಅಲ್ಲಿ ಮೊಣಕಾಲೂರಿ ನಿಲ್ಲಬೇಕಿತ್ತು. ಬೆನ್ನು ನೆಟ್ಟಗೆ ಮಾಡಿ ಹೇಳಿದೆ: “ಇಲ್ಲ. ಕಾಗದ ನಿಮ್ಮ ಮೊಮ್ಮಗಳಿಗೇ ಬರೆದದ್ದು. ಆದರೆ ಚೀಟಿ ಎತ್ತಿದಾಗ ಅವಳ ಹೆಸರು ಬಂತು, ಅಷ್ಟೇ. ಬೇರೇನೂ ಇಲ್ಲ.”

ತಾತ ಗಿಡ್ಡನೆಯವಳ ಕಡೆ ಕೈ ತೋರಿಸಿದರು.

“ಬೇರೇನೂ ಇಲ್ದಿದ್ರೆ ಈ ಮಗು ಯಾಕೆ ಸುಳ್ಳು ಹೇಳ್ತು ಟೀಚರಮ್ಮ?”

ಗೆಳತಿಯನ್ನು ಉಳಿಸಲು ಆಡಿದ ಸುಳ್ಳು, ನಾನು ಇಲ್ಲ ಅಂದ ಕೂಡಲೇ ಅವಳ ವಿರುದ್ಧದ ಸಾಕ್ಷಿಯಾಗಿ ನಿಂತಿತು. ತಾತ ಎದ್ದು ಕೈ ಮುಗಿದರು. ಮಜ್ಜಿಗೆ ಅರ್ಧ ಹಾಗೇ ಇತ್ತು.

ಬಸ್ಸಿನ ತನಕ ಗಿಡ್ಡನೆಯವಳು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ನನ್ನ ಕಡೆ ತಿರುಗಲಿಲ್ಲ. ನಾನಾದರೂ ಏನು ಹೇಳಲಿ, ಸುಳ್ಳು ಹೇಳಬಾರದಮ್ಮ ಅಂತಲೇ? ಚೀಟಿ ತಾನಾಗಿ ಬಂತು ಎಂದು ಅವಳ ಎದುರಿಗೇ ಹೇಳಿದವಳು ನಾನು. ಅವಳ ಗೆಳತಿಯನ್ನು ಕಾಯುವ ಸುಳ್ಳು ನನ್ನ ಬಾಯಿಗೆ ಬರಲಿಲ್ಲ. ನನ್ನನ್ನು ಕಾಯುವ ಸುಳ್ಳು ಸಲೀಸಾಗಿ ಬಂತು.

ಪರೀಕ್ಷೆಯ ಆರು ದಿನವೂ ಒಂದು ಡೆಸ್ಕು ಖಾಲಿ ಇತ್ತು. ಕೊನೆಯ ದಿನ ಆ ಹುಡುಗ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಬೆರಳಿನಲ್ಲಿ ಬಣ್ಣವಿರಲಿಲ್ಲ, ಇಂಕು ಮಾತ್ರ.

“ಲೆಟರ್ ಕ್ವೆಶ್ಚನ್ ಬಿಟ್ಬಿಟ್ಟೆ ಮಿಸ್. ಬರ್ಯಾಕ್ ಕೈ ಬರ್ಲಿಲ್ಲ.”

ಪಾಸಾದ. ಮುಂದೆ ಓದಲಿಲ್ಲ, ಮಗ್ಗಕ್ಕೆ ಕೂತ. ಉದ್ದನೆಯವಳನ್ನು ಆ ಬೇಸಿಗೆಯಲ್ಲೇ ರಾಯದುರ್ಗದ ಕಡೆಗೆ ಕೊಟ್ಟರು.

ನಾನು ರಿಟೈರ್ ಆಗಿ ಚಳ್ಳಕೆರೆಗೆ ಬಂದೆ. ಇದೆಲ್ಲ ನಡೆದು ಹತ್ತು ವರ್ಷವೇ ಕಳೆದಿರಬೇಕು, ಒಂದು ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಮಿಸ್” ಎಂದರು. ಆ ಊರಲ್ಲಿ ನನ್ನನ್ನು ಹಾಗೆ ಕರೆಯುವವರು ಯಾರೂ ಇರಲಿಲ್ಲ. ಎಣ್ಣೆ ಮಿಲ್ಲುಗಳ ಕಮಟು ವಾಸನೆಯ ಬಿಸಿಗಾಳಿಯಲ್ಲಿ, ಸೆರಗು ತಲೆ ಮೇಲೆ ಎಳೆದುಕೊಂಡು ಅವಳು ನಿಂತಿದ್ದಳು. ಅದೇ ಉದ್ದ. ಪಕ್ಕದಲ್ಲಿ ಒಂದು ಹೆಣ್ಣುಮಗು, ಎರಡು ಜಡೆ.

“ನರ್ಸರಿಗೆ ಹಾಕಿದ್ಯಾ?” ಎಂದೆ, ಬೇರೇನೂ ತೋಚದೆ.

“ಎರಡ್ನೇ ಕ್ಲಾಸ್ ಮಿಸ್. ಎ ಬಿ ಸಿ ಡಿ ನಾನೇ ಹೇಳ್ಕೊಟ್ಟೆ.”

ಹೇಳಬೇಕೆನಿಸಿತು. ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು ಅಲ್ಲೇ, ಬಸ್ಸಿನ ಹಾರನ್ನುಗಳ ಮಧ್ಯೆ ಹೇಳಿದೆ: “ಚೀಟಿ ಬದಲಾಯಿಸಿದ್ದನ್ನು ನಾನು ನೋಡಿದ್ದೆ ಕಣಮ್ಮ.”

“ಗೊತ್ತು ಮಿಸ್. ನೀವು ನಕ್ಕಿದ್ದು ಕಿಟಕಿ ಗಾಜಿನಾಗೆ ಕಾಣ್ತಿತ್ತು.” ಅವಳೂ ನಕ್ಕಳು. ಆಮೇಲೆ ಮಗಳ ಜಡೆ ಸರಿಮಾಡುತ್ತಾ, ನನ್ನನ್ನು ನೋಡದೆ ಹೇಳಿದಳು: “ಅವತ್ತು ನಾನು ಒಳಗೇ ಇದ್ದೆ. ಬಾಗ್ಲ ಹಿಂದೆ. ಅವ್ಳು ನನಿಗೆ ಬರ್ದಿದ್ದು ಅಂದಾಗ, ಆಯ್ತು ಬಿಡು, ಉಳ್ಕೊಂಡೆ ಅಂದ್ಕೊಂಡು ಬ್ಯಾಗ್ ಹುಡ್ಕಕ್ ಹೋದೆ ಮಿಸ್. ಬ್ಯಾಗ್ ಕೈಗೆ ಸಿಗಾದ್ರಾಗೆ ನೀವು ಇಲ್ಲ ಅಂದಿದ್ದು ಕೇಳುಸ್ತು.”

ಬೈದಿದ್ದರೆ ಚೆನ್ನಾಗಿತ್ತು. ಅವಳ ದನಿಯಲ್ಲಿ ಬೈಗುಳದ ಸುಳಿವೇ ಇರಲಿಲ್ಲ. ನಿನ್ನೆ ಬಸ್ಸು ತಪ್ಪಿತು ಎನ್ನುವ ಹಾಗೆ ಹೇಳಿದಳು. ಸಾರಿ ಅನ್ನಲು ಬಾಯಿ ತೆರೆದೆ. ಆ ಇಂಗ್ಲಿಷ್ ಪದ ಎಷ್ಟು ಸಣ್ಣದು ಎಂದು ಅವತ್ತು ಮೊದಲ ಸಲ ಅನ್ನಿಸಿತು. ಆಡಲಿಲ್ಲ.

“ಮಿಸ್, ನನ್ನ ಹಾಲ್ ಟಿಕೆಟ್ ಏನಾಯ್ತು? ಅದರಾಗಿಂದು ಬಿಟ್ರೆ ಸ್ಕೂಲ್ ಡ್ರೆಸ್ಸಿನ ಫೋಟೋ ನಂದು ಒಂದೂ ಇಲ್ಲ. ಇವಳು ನಂಬಂಗಿಲ್ಲ, ನೀನೆಲ್ಲಿ ಹೈಸ್ಕೂಲಿಗೆ ಹೋಗಿದ್ದೆ ಅಂತಾಳೆ.”

“ಇದೆ. ನನ್ನ ಹತ್ತಿರವೇ ಇದೆ,” ಎಂದೆ.

ರಾಯದುರ್ಗದ ಬಸ್ಸು ಹೊರಟಿತ್ತು. ಮಗುವನ್ನು ಎತ್ತಿ ಹತ್ತಿಸಿ, ಫುಟ್‌ಬೋರ್ಡಿನ ಮೇಲೆ ನಿಂತು ವಿಳಾಸ ಹೇಳಿದಳು. ಬರೆದುಕೊಂಡೆ.

ಮನೆಗೆ ಬಂದು ಬೀರುವಿನಿಂದ ಅದನ್ನು ತೆಗೆದೆ. ಒಂದಿಷ್ಟೂ ಮಡಿಕೆ ಬಿದ್ದಿರಲಿಲ್ಲ. ಫೋಟೋದಲ್ಲಿ ನಗು ತಡೆದುಕೊಂಡ ಮುಖ, ಎರಡೂ ಜಡೆಗೆ ರಿಬ್ಬನ್. ಬ್ಲ್ಯಾಕ್ ಅಂಡ್ ವೈಟ್ ಫೋಟೋ. ಕೆಂಪೆಂದು ಆಗ ನೋಡಿದವರಿಗಷ್ಟೇ ಗೊತ್ತು. ಕವರಿನಲ್ಲಿಟ್ಟು, ವಿಳಾಸ ಬರೆದು, ಸ್ಟಾಂಪು ಹಚ್ಚಿ, ಪೋಸ್ಟಾಫೀಸಿನ ತನಕ ನಡೆದು ಹೋದೆ. ಡಬ್ಬಿಯ ಬಾಯಿಗೆ ಕೈ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಆ ಊರಿನಲ್ಲಿ ಕಾಗದವನ್ನು ಯಾರು ಒಡೆಯುತ್ತಾರೋ, ಯಾವ ಕಟ್ಟೆಯ ಮೇಲೆ ಓದುತ್ತಾರೋ, ನನಗೇನು ಗೊತ್ತು?

ಕವರು ಹಿಡಿದುಕೊಂಡು ವಾಪಸು ಬಂದೆ. ಮುಂದಿನ ಭಾನುವಾರ ಕೊಂಡ್ಲಹಳ್ಳಿಯ ಬಸ್ಸು ಹತ್ತಿ, ಅದೇ ಊರೊಳಗೆ ಮದುವೆಯಾಗಿ ಉಳಿದಿದ್ದ ಗಿಡ್ಡನೆಯವಳ ಮನೆ ಹುಡುಕಿಕೊಂಡು ಹೋದೆ. ಅವಳು ಬಾಗಿಲಲ್ಲೇ ಕವರು ತೆಗೆದುಕೊಂಡು, ಹೆಸರು ನೋಡಿ, ಸೆರಗಿನೊಳಗೆ ಇಟ್ಟುಕೊಂಡಳು.

“ನಾನೇ ಕೈಯಾಗೆ ಕೊಟ್ಟು ಬರ್ತೀನಿ,” ಎಂದಳು. ಒಳಗೆ ಬನ್ನಿ ಅನ್ನಲಿಲ್ಲ. ನಾನು ಬಿಸಿಲಿನಲ್ಲೇ ಬಸ್ಸಿಗೆ ಕಾದೆ.