ನನ್ನ ಕಿವಿ ಸುಳ್ಳು ಹೇಳಲಿಲ್ಲ

ರತ್ನಾ, ನನಗೆ ಕಿವಿ ಕೇಳಿಸುತ್ತದೆ. ಈ ಆರು ವರ್ಷವೂ ಕೇಳಿಸುತ್ತಲೇ ಇತ್ತು.

ನೆನಪಿದೆಯೇ — ನಮ್ಮ ಮಧುಗಿರಿಯ ಮನೆಯಲ್ಲಿ ಮುದ್ದೆ ಕಟ್ಟುತ್ತಾ ನೀನು ದಿನವೂ ಹೇಳುತ್ತಿದ್ದೆ: "ಅವ್ವನ್ನ ಕರ್ಕಂಡ್ ಬಂದ್ಬುಡಾನ ಕಣ್ರೀ. ಐ.ಡಿ.ಹಳ್ಳೀಲಿ ಒಬ್ಳೇ ಅವ್ಳೆ." ಕೈಲಾಗದ ನಿಮ್ಮವ್ವ ನಮ್ಮ ಎರಡು ಕೋಣೆಗೆ ಬರುವುದು ನನಗೆ ಬೇಡವಾಗಿತ್ತು. ಬೇಡವೆನ್ನಲು ಧೈರ್ಯವಿರಲಿಲ್ಲ. "ಏನಂದೆ? ಕೇಳಿಸಲಿಲ್ಲ" ಎಂದೆ. ಮರುದಿನವೂ ಅದನ್ನೇ ಹೇಳಿದೆ. ಆಮೇಲೆ ಬೇರೆ ಮಾತಿಗೂ...

ನೀನೇ ಗಾಬರಿಯಾಗಿ ತುಮಕೂರಿನ ಕಿವಿ ಡಾಕ್ಟರ ಹತ್ತಿರ ಕರೆದೊಯ್ದೆ. ಸದ್ದು ಕೇಳಿದಾಗ ಬೆರಳೆತ್ತಬೇಕೆಂದರು; ನಾನು ಎತ್ತಲಿಲ್ಲ. ಆಗ ಅಲ್ಲಿನ ಹುಡುಗಿ ಕಿವಿತಮಟೆಗೆ ತಾಗುವಂತೆ ಸಣ್ಣ ತಂತಿ ಇಟ್ಟು ನಕ್ಕಳು. "ಇದಕ್ಕೆ ನೀವು ಬೆರಳೆತ್ತೋದೇನೂ ಬೇಡ ತಾತ. ಒಳಗಿವಿಗೆ ಸದ್ದು ತಟ್ಟಿದ್ರೆ ಸಣ್ಣ ಕರೆಂಟ್ ಹುಟ್ಟುತ್ತೆ, ಮಿಷನ್ನೇ ಬರ್ಕೊಳ್ಳುತ್ತೆ." ಟಕಟಕ ಸದ್ದು ಶುರುವಾಯಿತು. ನಾನು ಕಣ್ಣು ಮುಚ್ಚಿ ಮಲಗಿದ್ದೆ — ಕಿವಿಗೆ ಮುಚ್ಚಿಕೊಳ್ಳಲು ಬರುವುದಿಲ್ಲ. ಪರದೆಯ ಮೇಲೆ ಗೆರೆಗಳು ಏಳುತ್ತಲೇ ಹೋದವು.

"ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆ ಕಿವಿ. ಮನೇಲಿ ಯಾರ ಮಾತು ಬೇಡವಾಗಿದೆ ಯಜಮಾನ್ರೇ?" ಎಂದರು ಡಾಕ್ಟರು. ನೀನು ಹೊರಗೆ ನನ್ನ ಚಪ್ಪಲಿ ಕಾಯುತ್ತಾ ಕೂತಿದ್ದೆ. ರಿಪೋರ್ಟು ನಿನಗೆ ಓದಲು ಬರದು. "ನರ ಸತ್ತುಹೋಗಿದೆಯಂತೆ" ಎಂದೆ. ಕೊರಟಗೆರೆ ದಾಟುವವರೆಗೂ ಬಸ್ಸಿನಲ್ಲಿ ನೀನು ನನ್ನ ಕೈ ಹಿಡಿದುಕೊಂಡೇ ಇದ್ದೆ.

ಕಿವುಡನ ಮೇಲೆ ಇನ್ನೊಂದು ಹೊರೆ ಬೇಡವೆಂದು ಆಮೇಲೆ ನೀನು ಅವ್ವನ ಮಾತೇ ಎತ್ತಲಿಲ್ಲ. ಪಕ್ಕದ ಮನೆಯವಳಿಗೆ, ನಾನು ಎದುರಿಗೇ ಕೂತಿರುವಾಗ, ನೀನು ಹೇಳಿದೆ: "ಈಯಪ್ಪಂಗೆ ಬೈದ್ರೂ ಕೇಳ್ಸಲ್ಲ ಕಣಮ್ಮ, ಬೈಯೋ ಖುಸೀನೂ ಹೋಯ್ತು. ಕಿವಿ ನೆಟ್ಟಗಿದ್ದಿದ್ರೆ ಇಷ್ಟೊತ್ಗೆ ಅವ್ವನ್ನ ಕರ್ಕಂಡ್ ಬಂದ್ಬುಡೋರು." ನಾನು ಕಡಲೇಕಾಯಿ ಸುಲಿಯುತ್ತಲೇ ಇದ್ದೆ.

ಆ ಚಳಿಗಾಲದಲ್ಲೇ ನಿಮ್ಮವ್ವ ಒಬ್ಬರೇ ಇದ್ದು ತೀರಿಕೊಂಡರು. ಫೋನಿನಲ್ಲಿ ಊರಿನವರು ಹೇಳಿದ್ದು ನನಗೂ ಕೇಳಿಸಿತು. ನೀನು ಅಳುತ್ತಾ ಅದನ್ನು ಕೈಸನ್ನೆಯಲ್ಲಿ ತಿಳಿಸುವವರೆಗೂ ನಾನು ಸುಮ್ಮನೆ ಕಾದೆ —

ಈಗ ನೀನು ನನ್ನೊಡನೆ ಮಾತಾಡುವುದೇ ಇಲ್ಲ. ಭುಜ ತಟ್ಟಿ ಕಾಫಿ ಲೋಟ ಇಡುತ್ತೀಯೆ. ಒಲೆಯ ಮುಂದೆ ನಿನ್ನಷ್ಟಕ್ಕೆ ಗುನುಗುವಾಗ ಬಾಗಿಲ ಮರೆಯಲ್ಲಿ ನಿಂತಿರುತ್ತೇನೆ. ಒಮ್ಮೆ, ಒಂದೇ ಒಂದು ಸಲ, "ಇಲ್ ಕೇಳ್ರೀ" ಎಂದು ನೀನು ಕರೆದರೆ —

ಇದನ್ನು ನೀನು ಓದಲಾರೆ. ನಾನೇ ಓದಿ ಹೇಳಬೇಕು. ನಾಳೆ ಬೆಳಿಗ್ಗೆ, ನೀನು ಲೋಟ ಇಡುವ ಮೊದಲೇ. ಮುಗಿದ ಮೇಲೆ ನೀನು ಏನೇ ಅನ್ನು, ರತ್ನಾ — ಕೇಳಿಸಲಿಲ್ಲ ಎನ್ನುವುದಿಲ್ಲ.