ಮೊದಲ ಟ್ರಾನ್ಸಿಸ್ಟರಿನ ಅಗಲ

ಏಯ್, ಆಚೆ ಬದಿಯಲ್ಲಿ ನಿಂತಿರೋರೇ! ಕಿವಿಗೆ ಸಿಕ್ಕಿಸ್ಕೊಂಡಿರೋದನ್ನ ಇನ್ನೂ ಒಂಚೂರು ಒಳಕ್ಕೆ ಒತ್ಕೊಳ್ಳಿ. ಕತ್ತರಿ ಕಥೆ ಇದು, ಅರ್ಧಕ್ಕೆ ಓಡಬೇಡಿ.

ಕತ್ತರಿ ಎಂಬುದು ಆಫೀಸಿನವರು ಅವಳಿಗೆ ಇಟ್ಟ ಹೆಸರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಚಿಕ್ಕದು ಮಾಡುವ ಚಟ. "ಅಕ್ಕನ ಕೈಗೆ ಟವೆಲ್ ಕೊಟ್ರೆ ಕರ್ಚೀಫ್ ಆಗಿ ವಾಪಸ್ ಬರುತ್ತೆ," ಎಂದು ತಂಗಿ ನಗುತ್ತಿದ್ದಳು. ಮನೆಯಲ್ಲಿ ದುಡಿಯುವವಳು ಅಕ್ಕನೊಬ್ಬಳೇ ಆದ್ದರಿಂದ ಆ ನಗು ಬಾಗಿಲ ಹಿಂದೆಯೇ ಮುಗಿಯುತ್ತಿತ್ತು.

ಉಗುರಿಗಿಂತ ಚಿಕ್ಕ ಚಿಪ್‌ನೊಳಗೆ ಕೂರುವ ಒಂದೊಂದು ಟ್ರಾನ್ಸಿಸ್ಟರೂ ಎಷ್ಟು ಅಗಲ, ಎಷ್ಟು ಉದ್ದ ಇರಬೇಕೆಂದು ಗೊತ್ತುಮಾಡುವುದು ಅವಳ ಕೆಲಸ. ಈ ಸಲದ ಚಿಪ್ ಕಿವಿ ಮಂದವಾದವರು ಹಾಕಿಕೊಳ್ಳುವ ಮಿಷನ್‌ಗೆ. ಪಕ್ಕದ ಮೇಜಿನ ಹಿರಿಯರೂ ಅದಕ್ಕೇ ವಿನ್ಯಾಸ ಮಾಡುತ್ತಿದ್ದರು. ಅವರನ್ನು ಎಲ್ಲರೂ ಅಗಲಪ್ಪ ಎನ್ನುತ್ತಿದ್ದರು. ಧ್ವನಿ ಮೊದಲು ಮುಟ್ಟುವ ಟ್ರಾನ್ಸಿಸ್ಟರನ್ನು ಅವರು ಹಾಸಿಗೆಯ ಹಾಗೆ ಹರಡುತ್ತಿದ್ದರು. ಅದು ಚಿಕ್ಕದಾದರೆ ತನ್ನದೇ ಸೊಂಯ್‌ಗುಟ್ಟುವಿಕೆಯನ್ನು ಧ್ವನಿಗೆ ಬೆರೆಸುತ್ತದೆ. ಮುಂದಿನ ಟ್ರಾನ್ಸಿಸ್ಟರುಗಳೆಲ್ಲ ಸೇರಿ ಅದನ್ನೂ ದೊಡ್ಡದು ಮಾಡುತ್ತವೆ. ಕತ್ತರಿಗೆ ಇದನ್ನು ಕಲಿಸಿದ್ದೂ ಅಗಲಪ್ಪನೇ.

ಮ್ಯಾನೇಜರ್ ಇಬ್ಬರನ್ನೂ ಕರೆದು ಹೇಳಿದ್ದ: "ಒಬ್ಬರ ವಿನ್ಯಾಸ ಚಿಪ್‌ಗೆ ಹೋಗುತ್ತೆ, ಇನ್ನೊಬ್ಬರು ಮನೆಗೆ ಹೋಗ್ತೀರಿ. ಯಾರದು ಕಡಿಮೆ ಜಾಗ ತಿನ್ನುತ್ತೋ ಅವರು ಉಳೀತೀರಿ."

ಕತ್ತರಿ ಅಂದೇ ಕೂತು ಮೊದಲ ಟ್ರಾನ್ಸಿಸ್ಟರನ್ನು ಕಾಲುಭಾಗಕ್ಕೆ ಇಳಿಸಿದಳು. ಅದು ಸೊಂಯ್‌ಗುಟ್ಟುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಕೈಕೊಟ್ಟದ್ದು ಬೇರೊಂದು: ಸಮವಾಗಿ ಕರೆಂಟು ಹರಿಸಬೇಕಾದ ಎರಡು ಟ್ರಾನ್ಸಿಸ್ಟರುಗಳ ಜೋಡಿಯೊಂದು, ಬ್ಯಾಟರಿ ಇಳಿದಂತೆಲ್ಲ, ಹೆಚ್ಚುಕಡಿಮೆ ಹರಿಸುತ್ತಿತ್ತು. ಎಷ್ಟು ತಿಣುಕಿದರೂ ದಾರಿ ಕಾಣದೆ, ಮೀಟಿಂಗಿನ ಹಿಂದಿನ ದಿನ ಅಗಲಪ್ಪನ ಕುರ್ಚಿಯ ಹತ್ತಿರ ಹೋಗಿ ನಿಂತಳು.

"ಸಾರ್, ಒಂಚೂರು ನೋಡ್ತೀರಾ?"

"ನನ್ನ ಬುಡಕ್ಕೆ ಗರಗಸ ಇಡೋಕೆ ನನ್ನನ್ನೇ ಕರೀತೀಯಲ್ಲ ತಾಯಿ!" ಎಂದು ನಕ್ಕರು. ನಕ್ಕವರು ಕನ್ನಡಕ ಹಾಕಿಕೊಂಡು ಬಂದೂ ಬಿಟ್ಟರು. "ಅಗಲ ಸರಿ ಇದೆ. ಉದ್ದ ಸಾಲದು. ಈ ಎರಡರ ಉದ್ದಾನೂ ಹೆಚ್ಚಿಸು. ಆಗ ಅಗಲಾನೂ ಅದೇ ಲೆಕ್ಕದಲ್ಲಿ ಏರಿಸಬೇಕಾಗುತ್ತೆ."

ಕತ್ತರಿ ಹಾಗೇ ಮಾಡಿದಳು. ಕರೆಂಟು ಗೆರೆ ಎಳೆದಂತೆ ನಿಂತಿತು.

ಮರುದಿನ ಮೀಟಿಂಗಿನಲ್ಲಿ ಗೋಡೆಯ ಪರದೆ ಮೇಲೆ ಆ ಜೋಡಿಯನ್ನು ತೋರಿಸಿ, "ಇದನ್ನ ಹಿಡಿಯೋಕೆ ನಾನು ಎಷ್ಟು ತಲೆ ಕೆಡಿಸ್ಕೊಂಡೆ ಗೊತ್ತಾ ಸಾರ್," ಎಂದಳು. ಮ್ಯಾನೇಜರ್ ತಲೆದೂಗಿದ. ಅಗಲಪ್ಪ ಅವಳ ಮುಖವನ್ನೇ ನೋಡಿದರು. ಅವಳು ಪರದೆ ನೋಡಿದಳು.

"ಆ ಮೊದಲನೇದು ಸದ್ದು ಮಾಡುತ್ತೆ," ಎಂದರು ಅಗಲಪ್ಪ ಕೊನೆಗೆ. "ನಮ್ಮ ಮನೆಯವಳು ಇಂಥ ಮಿಷನ್ನೇ ಹಾಕ್ಕೊಳ್ಳೋದು. ಇಡೀ ದಿನ ಸೊಂಯ್ ಅನ್ನುತ್ತೆ ಅಂತ ತೆಗೆದು ದಾರದ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ. ನಾನು ಏನು ಹೇಳಿದ್ರೂ ಕೇಳಿಸಲ್ಲ ಅವಳಿಗೆ."

"ಕೇಳಿಸ್ಕೊಳ್ಳೋದು ಬೇಡ ಅಂತಾನೇ ತೆಗೆದಿಟ್ಟಿರಬೇಕು ಸಾರ್," ಎಂದಳು ಕತ್ತರಿ.

ಇಡೀ ಕೋಣೆ ಗೊಳ್ಳೆಂದಿತು. ಮ್ಯಾನೇಜರ್ ಮೇಜು ಕುಟ್ಟಿ ಕುಟ್ಟಿ ನಕ್ಕ. ಅಗಲಪ್ಪನೂ ನಗಲು ನೋಡಿದರು. ತುಟಿ ಅರ್ಧಕ್ಕೇ ನಿಂತಿತು.

ಜಾಗದ ಲೆಕ್ಕದಲ್ಲಿ ಕತ್ತರಿಯೇ ಗೆದ್ದಳು. ಅಗಲಪ್ಪ ಮೇಜಿಗೆ ಮರಳುವಷ್ಟರಲ್ಲಿ ಅವರ ಕಂಪ್ಯೂಟರಿಗೆ ಬೀಗ ಬಿದ್ದಿತ್ತು. ಚಹಾದ ಲೋಟ, ಕನ್ನಡಕದ ಡಬ್ಬಿ, ಬೆನ್ನಿಗೆ ಇಟ್ಟುಕೊಳ್ಳುತ್ತಿದ್ದ ದಿಂಬು, ಎಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಸಿತು. ಹೋಗುವಾಗ ಕತ್ತರಿಯ ಬಳಿ ನಿಂತರು.

"ಮೊದಲನೇದನ್ನ ಮಾತ್ರ ಅಗಲ ಮಾಡಮ್ಮ. ನನ್ನ ಹೆಸರು ಬೇಡ. ಹಾಕ್ಕೊಳ್ಳೋರಿಗೆ ಹಿಂಸೆ ಅದು."

"ಜಾಗ ಇಲ್ಲ ಸಾರ್," ಎಂದಳು, ಕತ್ತು ಎತ್ತದೆ.

ಸಂಜೆ ಮ್ಯಾನೇಜರ್ ಬಂದು ಅವಳ ಮೇಜಿಗೆ ಒರಗಿದ. "ಚಿಪ್‌ನಲ್ಲಿ ನಿಮ್ಮ ವಿನ್ಯಾಸ ಕೂರೋ ಮೂಲೇನ ಮೊದಲೇ ಅಗಲಪ್ಪನ ಅಳತೆಗೆ ಬಿಟ್ಟಾಗಿದೆ. ಈಗ ಬದಲಾಯಿಸೋಕೆ ಆಗಲ್ಲ. ನಿಮ್ಮದು ಹಾಕಿದ್ರೆ ಸುತ್ತ ಬೋಳು ಬೋಳು. ಏನಾದ್ರೂ ತುಂಬಿಸಿ."

"ಹಾಗಾದ್ರೆ ಅಳತೆ ನೋಡಿದ್ದು ಯಾಕೆ ಸಾರ್?"

"ಒಬ್ಬರನ್ನ ಕಳಿಸಬೇಕಿತ್ತು. ಏನೋ ಒಂದು ಕಾರಣ ಬೇಕಲ್ಲ. ಮುಂದಿನ ಸಲಕ್ಕೂ ಒಂದು ಹುಡುಕಬೇಕು," ಎಂದು ಅವಳ ಕುರ್ಚಿಯನ್ನು ತಟ್ಟಿ ಹೋದ.

ಕತ್ತರಿ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಆಫೀಸಿನ ಸರ್ವರಿನಲ್ಲಿದ್ದ ಅಗಲಪ್ಪನ ಫೋಲ್ಡರ್ ತೆರೆದು, ಮೊದಲ ಟ್ರಾನ್ಸಿಸ್ಟರಿನ ಅಗಲ ನೋಡಿ, ಅದೇ ಅಳತೆಯನ್ನು ಒಂದು ಚುಕ್ಕೆಯೂ ತಪ್ಪದಂತೆ ತನ್ನ ವಿನ್ಯಾಸಕ್ಕೆ ಹಾಕಿದಳು. ಓಡಿಸಿ ನೋಡಿದಳು. ಸೊಂಯ್‌ಗುಟ್ಟುವಿಕೆ ಎದ್ದ ಜಾಗದಲ್ಲೇ ಮಲಗಿತು. ಕೆಳಗೆ ತನ್ನ ಹೆಸರು ಇದೆಯೇ ಎಂದು ಮತ್ತೊಮ್ಮೆ ನೋಡಿದಳು. ಇತ್ತು.

ಆಮೇಲೆ ಅಗಲಪ್ಪನ ಫೋಲ್ಡರಿನ ಮೇಲೆ ಬೆರಳಿಟ್ಟಳು. ಅಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದಳು.